ಕುಣಿತದ ಹಿಂದಿನ ಕೈ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



೧೯೫೬ರ ನವೆಂಬರ್ ಒಂದರಂದು ಕನ್ನಡನಾಡು ಒಂದಾಯಿತು. ಅದೇ ದಿನ ಕೇರಳ ರಾಜ್ಯವೂ ಹುಟ್ಟಿತು. ಆದಕಾರಣ ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ನೆಲಸಿರುವ ನಮ್ಮಂಥವರಿಗೆ ಇದು ಎರಡು ಮನೆಯ ಹಬ್ಬ. ಅಂದೇ ಕಾಸರಗೋಡು ಕೇರಳಕ್ಕೆ ಸೇರಿತು. ಆ ನೋವನ್ನು ಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ಆ ಮಾತನ್ನು ಇಂದು ಬೆಳೆಸುವುದಿಲ್ಲ. ಗಡಿಯನ್ನು ಲೆಕ್ಕಿಸದ ಒಂದು ವಾದ್ಯದ ವಿಷಯವನ್ನೂ, ಅದನ್ನು ಹೊತ್ತು ಊರೂರು ತಿರುಗುವವರ ವಿಷಯವನ್ನೂ ಅರಿಕೆ ಮಾಡಿಕೊಳ್ಳುತ್ತೇವೆ.

ಆ ವಾದ್ಯವೇ ಚೆಂಡೆ. ಹಲಸಿನ ಮರವನ್ನು ಕೊರೆದು ಮಾಡಿದ ಗೂಡು, ಎರಡು ಬಾಯಿಗೂ ಚರ್ಮ, ಸುತ್ತಲೂ ಬಿಗಿದ ಹಗ್ಗ. ಹದಿನೆಂಟು ವಾದ್ಯಗಳೂ ಚೆಂಡೆಯ ಕೆಳಗೆ ಎಂದು ಮಲಯಾಳಿಗಳ ಗಾದೆ. ತ್ರಿಪ್ಪೂಣಿತ್ತುರದ ಪೂರ್ಣತ್ರಯೀಶನ ವೃಶ್ಚಿಕೋತ್ಸವದಲ್ಲಿ ಆನೆಗಳ ಮುಂದೆ ನಿಂತು ಮೇಳವನ್ನು ಕೇಳಿದವರಿಗೆ ಈ ಗಾದೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತೆಂಕುತಿಟ್ಟಿನ ಯಕ್ಷಗಾನದ ಚೆಂಡೆ ಇದರ ಒಡಹುಟ್ಟೇ ಸರಿ. ಬಡಗುತಿಟ್ಟಿನದು ಬೇರೆ, ಚಿಕ್ಕದು, ಕುಳಿತು ನುಡಿಸುವಂಥದು.

ಇಲ್ಲಿಯ ಕಥಕಳಿಯಲ್ಲಿಯೂ ನಮ್ಮ ಯಕ್ಷಗಾನದಲ್ಲಿಯೂ ಆಟದ ಮೊದಲು ಚೆಂಡೆ ಮದ್ದಳೆಗಳನ್ನು ಬಾರಿಸಿ ಊರನ್ನು ಕರೆಯುವ ಪದ್ಧತಿ ಇದೆ. ಎರಡು ಕಡೆಯೂ ಅದಕ್ಕೆ ಹೆಸರು ಒಂದೇ: ಕೇಳಿ. ಆದರೆ ಪರದೆ ಸರಿದ ಮೇಲೆ ದಾರಿ ಬೇರೆಯಾಗುತ್ತದೆ. ಕಥಕಳಿಯ ವೇಷಧಾರಿ ಮಾತಾಡುವುದಿಲ್ಲ; ಅವನ ಕೈಯೇ ಮಾತು. ಚೆಂಡೆಯವನು ಅವನ ಬೆನ್ನ ಹಿಂದೆ ನಿಂತು ಆ ಕೈ ಬೆರಳುಗಳನ್ನೇ ನೋಡುತ್ತ, ಮುದ್ರೆ ಮುಗಿಯುವ ಕ್ಷಣಕ್ಕೆ ಸರಿಯಾಗಿ ಪೆಟ್ಟು ಹಾಕಬೇಕು. ಸ್ತ್ರೀಪಾತ್ರ ಬಂದರೆ ಚೆಂಡೆ ಬಿಟ್ಟು ಇಡಕ್ಕವನ್ನು ಎತ್ತಿಕೊಳ್ಳುವುದು ರೂಢಿ. ಹೆಣ್ಣಿನ ನಡೆಗೆ ಅಷ್ಟು ಅಬ್ಬರ ಒಪ್ಪದೆಂದು ಹಿರಿಯರು ಕಂಡುಕೊಂಡಿರಬೇಕು. ನಮ್ಮಲ್ಲಿ ವೇಷಧಾರಿ ಕುಣಿಯುವನು, ಅನಂತರ ಅರ್ಥ ಹೇಳುವನು. ಅವನು ಬಾಯಿ ತೆರೆದೊಡನೆ ಚೆಂಡೆ ಸುಮ್ಮನಾಗಬೇಕು. ಮಾತು ಮುಗಿದೊಡನೆ ಏಳಬೇಕು. ಎಲ್ಲಿ ನುಡಿಸಬಾರದೆಂಬುದನ್ನು ಕಲಿಯುವುದಕ್ಕೇ ನಮ್ಮ ಚೆಂಡೆಯವರಿಗೆ ವರ್ಷಗಳು ಹಿಡಿಯುತ್ತವೆ.

ಮೇಳದ ತಿರುಗಾಟದ ಕಷ್ಟ ಹೊರಗಿನವರಿಗೆ ತಿಳಿಯದು. ದೀಪಾವಳಿ ಕಳೆದು ಗೆಜ್ಜೆ ಕಟ್ಟಿದರೆ ಮೇ ತಿಂಗಳ ಪತ್ತನಾಜೆಗೆ ಬಿಚ್ಚುವುದು. ಇಂದು ಒಂದು ಊರು, ನಾಳೆ ಮತ್ತೊಂದು, ಪ್ರಸಂಗವೂ ಬೇರೆ. ಪೂರ್ವಾಭ್ಯಾಸವೆಂಬುದು ಮೇಳಗಳ ಪದ್ಧತಿಯಲ್ಲಿ ಇರಲಿಲ್ಲ. ಯಾರೋ ಕಟ್ಟಿದ ಪದ, ಯಾರೋ ಹಾಕಿಕೊಟ್ಟ ನಡೆ, ಎದುರಿಗೆ ಇಂದು ಯಾವ ವೇಷಧಾರಿಯೋ! ಅವನ ಕಾಲನ್ನು ನೋಡಿಯೇ ಬಿಡ್ತಿಗೆ ಕೊಡಬೇಕು, ಭಾಗವತರ ಕಣ್ಣನ್ನು ನೋಡಿಯೇ ಮುಕ್ತಾಯ ಮಾಡಬೇಕು. ವೇಷಧಾರಿಗೆ ಚೌಕಿಗೆ ಹೋಗಿ ಒಂದು ಗಳಿಗೆ ಒರಗಲು ಎಡೆಯುಂಟು. ಚೆಂಡೆ ಮದ್ದಳೆಯವರಿಗೆ ಸರದಿ ಬದಲಾದಾಗ ಮಾತ್ರ. ಜನ ಮನೆಗೆ ಹೋಗುವಾಗ ಹೊಗಳುವುದು ಕಿರೀಟ ಕಟ್ಟಿದವನನ್ನು. ಮದ್ದಳೆಯಿಂದಲೇ ನಾಡಿನ ಗೌರವ ಪಡೆದ ಹಿರಿಯಡ್ಕ ಗೋಪಾಲರಾಯರಂಥವರು (೧೯೧೯–೨೦೨೦) ವಿರಳ. ಅವರು ಏರು ಶ್ರುತಿಯ ಮದ್ದಳೆಯನ್ನು ಬಡಗಿನಲ್ಲಿ ಬಳಕೆಗೆ ತಂದವರು, ನೂರು ವರ್ಷ ದಾಟಿ ಬಾಳಿದವರು.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇವೆ. ಕೆಲವು ವರ್ಷಗಳಿಂದ ನಮ್ಮ ಮಕ್ಕಳು ಧ್ವನಿಮುದ್ರಿತ ಹಿಮ್ಮೇಳಕ್ಕೆ ಕುಣಿಯುತ್ತಿದ್ದಾರೆ. ಖರ್ಚು ಕಡಿಮೆ, ತೊಂದರೆಯಿಲ್ಲ, ಒಂದು ಗುಂಡಿ ಒತ್ತಿದರೆ ಆಯಿತು. ಕಾರ್ಯಕಾರಿ ಸಮಿತಿಯಲ್ಲಿ ಇದರ ಪರವಾಗಿ ವಾದಿಸಿದವರ ಮಾತು ಸುಳ್ಳಲ್ಲ. ನಾಲ್ಕು ಮಂದಿ ಹಿಮ್ಮೇಳದವರಿಗೆ ಪ್ರಯಾಣ, ವಸತಿ, ಸಂಭಾವನೆ ಎಂದರೆ ಸಂಘದ ಚೀಲ ಬರಿದಾಗುತ್ತದೆ. ಆದರೂ ನಾವು ಅದನ್ನು ಒಪ್ಪಲಾರೆವು. ಯಂತ್ರದ ಚೆಂಡೆ ಮಗುವಿನ ಕಾಲನ್ನು ನೋಡುವುದಿಲ್ಲ. ಹೆಜ್ಜೆ ತಪ್ಪಿದ ಮಗುವಿಗೆ ಚೆಂಡೆಯವರು ಒಂದು ಆವರ್ತ ಹೆಚ್ಚು ನುಡಿಸಿ ಕೈಹಿಡಿದೆತ್ತುತ್ತಾರೆ. ಯಂತ್ರ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಮಗು ಅದರ ಹಿಂದೆ ಓಡುತ್ತದೆ. ಅದು ಓಟವೇ ಹೊರತು ಕುಣಿತವಲ್ಲ. ಮೇಲಾಗಿ, ಮಳೆಗಾಲದಲ್ಲಿ ಮೇಳವಿಲ್ಲದೆ ಊರಿನಲ್ಲಿರುವ ಕಲಾವಿದರಿಗೆ ನಾವು ಕೊಡುವ ನಾಲ್ಕು ಕಾಸೂ ದೊಡ್ಡದೇ.

ಕಾಸರಗೋಡಿನಲ್ಲಿ ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವ ಮೊದಲೇ ಎರ್ನಾಕುಲಂ, ಮರುದಿನ ಬೆಳಗ್ಗೆ ತಿರುವನಂತಪುರ. ಎರಡು ನಗರದ ಕನ್ನಡಿಗರು ಒಂದಾಗಿ ಕರೆಸಿಕೊಂಡರೆ ಒಂದೇ ಪ್ರಯಾಣದಲ್ಲಿ ಎರಡು ಆಟ; ವೆಚ್ಚವೂ ಇಬ್ಭಾಗ. ಬಂದವರನ್ನು ಹೋಟೆಲಿನಲ್ಲಿ ಇರಿಸದೆ ನಮ್ಮ ನಮ್ಮ ಮನೆಗಳಲ್ಲಿ ಉಳಿಸಿಕೊಳ್ಳೋಣ. ಬೆಳಗಿನ ಹೊತ್ತು ಅವರನ್ನು ಮಲಗಲು ಬಿಡಬೇಕು. ಊರಿನ ಸುದ್ದಿ ಕೇಳುವ ಆತುರದಿಂದ ಏಳು ಗಂಟೆಗೇ ಕಾಫಿ ಹಿಡಿದು ಎಬ್ಬಿಸಬಾರದು. ಇಲ್ಲಿಯ ಚೆಂಡೆ ಆಶಾನರಲ್ಲಿ ಪಾಠ ಹೇಳಿಸಿಕೊಳ್ಳುತ್ತಿರುವ ನಮ್ಮ ಹುಡುಗರನ್ನು ಅವರ ಪಕ್ಕದಲ್ಲಿ ಕೂರಿಸೋಣ. ಕೋಲು ಹಿಡಿಯುವುದನ್ನು ಅವರು ಮಲಯಾಳದಲ್ಲಿ ಕಲಿತಿದ್ದಾರೆ. ಕನ್ನಡದ ಪದಕ್ಕೆ ಎಲ್ಲಿ ಕೈ ತಡೆಯಬೇಕೆಂಬುದನ್ನು ಇವರಿಂದ ಕಲಿಯಲಿ. ಹಣದ ಪಟ್ಟಿ ಬಾಗಿಲ ಬಳಿ ಮೇಜಿನ ಮೇಲಿದೆ, ಕಾರ್ಯದರ್ಶಿಗಳು ಅಲ್ಲಿಯೇ ಕುಳಿತಿದ್ದಾರೆ.