ಬಳ್ಳಾರಿಗೆ ಬರ್ಕೊಟ್ಟಾರೆ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆ ‘ಬಳ್ಳಾರಿಗೆ ಬರ್ಕೊಟ್ಟಾರೆ’ ಅಂದರೆ ಮನೆಯವರು ಮುಂದೇನೂ ಕೇಳೋದಿಲ್ಲ. ಸಾಲ ಯಾರ ಹತ್ರ ಸಿಗುತ್ತೆ, ಕೂಸನ್ನ ಯಾರ ಮನೇಲಿ ಬಿಡೋದು, ದನಕ್ಕೆ ಮೇವು ಯಾರು ಹಾಕ್ತಾರೆ ಅನ್ನೋ ಲೆಕ್ಕ ಶುರುವಾಗುತ್ತೆ.

ಬಳ್ಳಾರಿ ಅಂದ್ರೆ ಅವರಿಗೆ ದೊಡ್ಡಾಸ್ಪತ್ರೆ. 1961ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಾಗಿ ಶುರುವಾಗಿ, ಆಮೇಲೆ ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆಗಿ, ಈಗ ಹೊಸ ಹೆಸರು ಹೊತ್ತಿದೆ. ಜನ ಮಾತ್ರ ಇವತ್ತಿಗೂ ‘ವಿಮ್ಸ್’ ಅಂತಾರೆ.

ಯಾರು ಹೋಗ್ತಾರೆ ಅಲ್ಲಿಗೆ? ಗುಡೇಕೋಟೆ ಕರಡಿಧಾಮದ ಸುತ್ತ ಬೆಳಗಿನ ಜಾವ ಹೊಲಕ್ಕೆ ಹೋದವನ ಮುಖವನ್ನೇ ಕರಡಿ ಕಿತ್ತು ಹಾಕಿರುತ್ತೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಬಹುದು, ಇಂಜೆಕ್ಷನ್ ಕೊಡಬಹುದು. ಆ ಮುಖವನ್ನ ಮತ್ತೆ ಮುಖ ಮಾಡೋಕೆ ಪ್ಲಾಸ್ಟಿಕ್ ಸರ್ಜನ್ ಬೇಕು, ಕಣ್ಣಿನ ಡಾಕ್ಟರ್ ಬೇಕು, ಅರಿವಳಿಕೆಯವರು ಬೇಕು, ಎಲ್ಲರೂ ಒಂದೇ ಕಡೆ ಬೇಕು. ಹೆದ್ದಾರಿ ಅಪಘಾತದ ತಲೆಪೆಟ್ಟು, ಸಾಲದ ರೈತ ಕುಡಿದ ಕ್ರಿಮಿನಾಶಕ, ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿ, ಎಲ್ಲರಿಗೂ ಅದೇ ದಾರಿ. ಖಾಸಗಿಯವರು ಮೊದಲು ಅಡ್ವಾನ್ಸ್ ಎಷ್ಟು ಕಟ್ತೀರಿ ಅಂತ ಕೇಳ್ತಾರೆ. ಇಲ್ಲಿ ಹೆಸರೇ ಗೊತ್ತಿಲ್ಲದವನನ್ನೂ ‘ಅಪರಿಚಿತ’ ಅಂತ ಬರೆದು ಒಳಗೆ ತಗೋತಾರೆ.

ಇನ್ನೊಂದು ವಿಷಯ ಇದೆ, ನಾವು ಟಿವಿಯವರು ಅದನ್ನ ಹೇಳೋದೇ ಕಮ್ಮಿ. ಅಲ್ಲಿ ರಾತ್ರಿ ಎರಡು ಗಂಟೆಗೆ ಎದ್ದಿರೋರು ಯಾರು? ಹೌಸ್ ಸರ್ಜನ್‌ಗಳು, ಪಿಜಿ ಹುಡುಗರು, ಹುಡುಗಿಯರು. ಅವರು ಹೊಲಿಗೆ ಹಾಕೋದು ಕಲಿಯೋದು ನಮ್ಮ ಕೊಟ್ಟೂರಿನ ಕೂಲಿಯವನ ಕೈ ಮೇಲೆ. ಹೆರಿಗೆ ಮಾಡಿಸೋದು ಕಲಿಯೋದು ಹಡಗಲಿಯ ಹೆಣ್ಣುಮಗಳಿಂದ. ನಾಳೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಸಾವಿರಾರು ರೂಪಾಯಿ ಫೀಸು ತಗೊಳ್ಳೋ ತಜ್ಞನ ಮೊದಲ ಪಾಠ ಈ ಬಡವರ ಮೈಮೇಲೆ ಆಗಿರುತ್ತೆ. ಆ ಋಣ ಯಾರ ಲೆಕ್ಕದ ಪುಸ್ತಕದಲ್ಲಿ ಬರೆದಿದೆ ಹೇಳಿ?

371-ಜೆ ಬಂತು, ಈ ಭಾಗದ ಕಾಲೇಜುಗಳಲ್ಲಿ ಸೀಟು ಮೀಸಲಾಯ್ತು, ಒಳ್ಳೇದು. 2021ರಲ್ಲಿ ವಿಜಯನಗರ ಜಿಲ್ಲೆಯೂ ಆಯ್ತು. ಈ ಐದೂ ತಾಲ್ಲೂಕು ಹೊಸಪೇಟೆಯ ಕೈಕೆಳಗೆ ಬಂದವು, ಮೆಡಿಕಲ್ ಕಾಲೇಜು ಬಳ್ಳಾರಿ ಜಿಲ್ಲೆಯಲ್ಲೇ ಉಳೀತು. ಹರಪನಹಳ್ಳಿಯವರಂತೂ ದಾವಣಗೆರೆಗೆ ಓಡ್ತಾರೆ. ಅಲ್ಲಿನ ಜಿಲ್ಲಾಸ್ಪತ್ರೆಯ ಹೆಸರು ಚಿಗಟೇರಿ. ಚಿಗಟೇರಿ ಹರಪನಹಳ್ಳಿ ತಾಲ್ಲೂಕಿನದೇ ಊರು! ನಮ್ಮೂರ ಹೆಸರಿನ ಆಸ್ಪತ್ರೆಗೆ ಹೋಗೋಕೂ ಜಿಲ್ಲೆ ದಾಟಬೇಕು.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನರಕ್ಕೆ ಹಾಕೋ ದ್ರಾವಣದ ಮೇಲೆ ಅನುಮಾನ ಬಂತು, ಸರ್ಕಾರ ಅದರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರು ಅಮಾನತಾದರು. ಆಗ ಕೆಲವರು, ‘ಸರ್ಕಾರಿ ಆಸ್ಪತ್ರೆ ಅಂದ್ರೆ ಹಿಂಗೇ, ಮುಚ್ಚಿಬಿಡಿ’ ಅಂದರು. ಮುಚ್ಚಿದರೆ ಆ ತಾಯಂದಿರು ಎಲ್ಲಿಗೆ ಹೋಗಬೇಕಿತ್ತು ಸ್ವಾಮಿ? ಅವರು ನಂಬಿ ಬಂದಿದ್ದರು. ಅವರ ನರಕ್ಕೆ ಹೋಗೋ ಬಾಟಲಿ ಪರೀಕ್ಷೆ ಆಗಿ ಬಂದಿದೆಯಾ ಅಂತ ನೋಡೋದು ಸರ್ಕಾರದ ಕೆಲಸ. ಅದಕ್ಕೆ ಬಡವರ ಆಸ್ಪತ್ರೆಗೆ ಬೀಗ ಹಾಕಿ ಅನ್ನೋ ಮಾತನ್ನ ನಾನಂತೂ ಒಪ್ಪಲ್ಲ.

ನಾನು ಕೇಳೋದು ಸಣ್ಣದು, ಕಟ್ಟಡ ಕೇಳ್ತಿಲ್ಲ. ಕೂಡ್ಲಿಗಿಯ ಡಾಕ್ಟರ್ ರಾತ್ರಿ ಒಬ್ಬ ಗರ್ಭಿಣಿಯನ್ನ 108ರಲ್ಲಿ ಹತ್ತಿಸಿ ಕಳಿಸ್ತಾರೆ. ಆಕೆ ಬದುಕಿದಳಾ? ಕೂಸು ಅತ್ತಿತಾ? ಇನ್ನೊಂದು ಗಂಟೆ ಮುಂಚೆ ಕಳಿಸಬೇಕಿತ್ತಾ? ಬಳ್ಳಾರಿಯಿಂದ ತಿಂಗಳಿಗೊಮ್ಮೆ ಒಂದು ಹಾಳೆ ವಾಪಸ್ ಬರಲಿ. ಇಂಥವರನ್ನ ಕಳಿಸಿದ್ರಿ, ಹೀಗಾಯ್ತು, ಮುಂದಿನ ಸಲ ಈ ಔಷಧ ಅಲ್ಲೇ ಶುರು ಮಾಡಿ ಕಳಿಸಿ, ಅಂತ. ಕಲಿಸೋ ಆಸ್ಪತ್ರೆ ತಾನೇ ಅದು? ಕೂಡ್ಲಿಗಿಗೂ ಕಲಿಸಲಿ.