ಅಂಗೈಯಲ್ಲೊಂದು ಕಂಪ್ಯೂಟರ್: ಆಟದ ಯಂತ್ರದ ಒಳಗಿನ ಪಾಠ

(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಂಪ್ಯೂಟರ್ ಕ್ಷೇತ್ರದ ಉದ್ಯೋಗಾವಕಾಶಗಳ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ನನ್ನನ್ನು ಕರೆದಿದ್ದರು. ನಾನು ಬೇರೊಂದು ವಿಷಯ ಆರಿಸಿಕೊಂಡು ಬಂದಿದ್ದೇನೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಇದಕ್ಕೆ ಕಾರಣ ನನ್ನ ತಂಗಿಯ ಮಗ. ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ತಂದೆ ದಮ್ಮಾಮಿನಿಂದ ರಜೆಗೆ ಬರುವಾಗ ಅವನಿಗೆ ಏಸಸ್ ಕಂಪೆನಿಯ ಆರ್‌ಒಜಿ ಅಲೈ ಎಂಬ ಯಂತ್ರ ತಂದುಕೊಟ್ಟರು. ಮರುದಿನವೇ ತಂಗಿಯ ಫೋನ್. "ಭಾಯಿಜಾನ್, ಎಪ್ಪತ್ತು ಸಾವಿರದ ಆಟದ ಸಾಮಾನು ತಂದಿದ್ದಾರೆ. ಹುಡುಗ ಕೈಬಿಟ್ಟು ಹೋಗುವ ಮುಂಚೆ ನೀವಾದರೂ ಬುದ್ಧಿ ಹೇಳಿ." ಬುದ್ಧಿ ಹೇಳಲು ಹೋದ ನಾನು ಮೂರು ಗಂಟೆ ಆಡಿ ಬಂದೆ ಎಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಆದರೆ ಅದಾದ ಮೂರು ತಿಂಗಳಿಗೆ ಆ ಯಂತ್ರದಿಂದಲೇ ಆ ಹುಡುಗನಿಗೆ ಒಂದು ದೊಡ್ಡ ಪೆಟ್ಟು ಬಿತ್ತು. ಅದನ್ನು ಹೇಳುವ ಮೊದಲು ಯಂತ್ರದ ಪರಿಚಯ ಮಾಡಿಕೊಡುತ್ತೇನೆ.

ನೋಡಲು ಇದು ಮಕ್ಕಳ ವಿಡಿಯೋ ಗೇಮ್‌ನಂತೆಯೇ ಇದೆ. ನಡುವೆ ಏಳು ಇಂಚಿನ ಪರದೆ, ಎರಡೂ ಬದಿಯಲ್ಲಿ ಗುಂಡಿಗಳು, ತೂಕ ಸುಮಾರು 600 ಗ್ರಾಂ. ಆದರೆ ಒಳಗಿರುವುದು ವಿಂಡೋಸ್ 11. ಅಂದರೆ ನಿಮ್ಮ ಕಾಲೇಜಿನ ಲ್ಯಾಬ್‌ನಲ್ಲಿರುವ ಕಂಪ್ಯೂಟರ್ ಮಾಡುವ ಎಲ್ಲ ಕೆಲಸವನ್ನೂ ಇದು ಮಾಡುತ್ತದೆ. ಚೀನಾದ ಜಿಪಿಡಿ ಕಂಪೆನಿ 2016ರಲ್ಲೇ ಇಂಥದ್ದೊಂದನ್ನು ತಯಾರಿಸಿತ್ತು. 2022ರಲ್ಲಿ ವಾಲ್ವ್ ಕಂಪೆನಿಯ ಸ್ಟೀಮ್ ಡೆಕ್ ಬಂದ ಮೇಲೆ ಇಡೀ ಮಾರುಕಟ್ಟೆ ಎಚ್ಚೆತ್ತಿತು. ಅದು ಲಿನಕ್ಸ್ ಆಧಾರಿತ. 2023ರಲ್ಲಿ ಅಲೈ ಮತ್ತು ಲೆನೊವೊ ಲೀಜನ್ ಗೋ, 2024ರಲ್ಲಿ ಎಂಎಸ್‌ಐ ಕ್ಲಾ ಬಂದವು. ಇವೆಲ್ಲ ವಿಂಡೋಸ್ ಯಂತ್ರಗಳು. ವಿಂಡೋಸ್ ಇರುವುದರಿಂದ ಯಾವ ಅಂಗಡಿಯಿಂದ ಕೊಂಡ ಆಟವೂ ನಡೆಯುತ್ತದೆ. ಅದೇ ವಿಂಡೋಸ್‌ನಿಂದಾಗಿ ಆಟದ ನಡುವೆ ಅಪ್‌ಡೇಟ್ ಬಂದು ಕೂರುತ್ತದೆ, ನಿದ್ದೆಗೆ ಹಾಕಿ ಚೀಲದಲ್ಲಿಟ್ಟ ಯಂತ್ರ ಒಳಗೇ ಎದ್ದು ಬಿಸಿಯಾಗುತ್ತದೆ, ಸಣ್ಣ ಪರದೆಯಲ್ಲಿ ಕಿಟಕಿ ಮುಚ್ಚುವ ಗುರುತಿಗೆ ಬೆರಳು ತಾಗುವುದೇ ಇಲ್ಲ.

ಈಗ ಎಮ್ಯುಲೇಷನ್ ವಿಷಯಕ್ಕೆ ಬರೋಣ. 1990ರ ದಶಕದಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಟಿವಿಗೆ ಜೋಡಿಸುವ ಲಿಟಲ್ ಮಾಸ್ಟರ್, ಸಮುರಾಯ್ ಎಂಬ ಹೆಸರುಗಳು ನೆನಪಿರಬಹುದು. ಅವು ಜಪಾನಿನ ನಿಂಟೆಂಡೊ ಕಂಪೆನಿ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲುಗಳೆಂದು ನಮಗೆ ಆಗ ಗೊತ್ತಿರಲಿಲ್ಲ. ಆ ಪೆಟ್ಟಿಗೆ ಇಂದು ಕೆಟ್ಟು ಅಟ್ಟ ಸೇರಿದೆ. ಅದರ ಆಟ ಆಡುವುದು ಹೇಗೆ? ಇಲ್ಲಿ ಬಹುರೂಪಿಯ ಕೆಲಸ ಶುರುವಾಗುತ್ತದೆ. ಒಂದು ಕಂಪ್ಯೂಟರ್, ತಂತ್ರಾಂಶದ ಸಹಾಯದಿಂದ ಬೇರೊಂದು ಯಂತ್ರದ ವೇಷ ಹಾಕಿ ಆಟವನ್ನು ನಂಬಿಸುವುದೇ ಎಮ್ಯುಲೇಷನ್.

ಇದು ಹೇಳುವಷ್ಟು ಸುಲಭವಲ್ಲ. 2000ದಲ್ಲಿ ಬಂದ ಪ್ಲೇಸ್ಟೇಷನ್ 2ರ ಮುಖ್ಯ ಚಿಪ್‌ನ ವೇಗ ಸುಮಾರು 295 ಮೆಗಾಹರ್ಟ್ಸ್ ಮಾತ್ರ. ಇಂದಿನ ಚಿಪ್‌ಗಳ ವೇಗ ಅದರ ಹತ್ತು ಪಟ್ಟಿಗಿಂತ ಹೆಚ್ಚು. ಆದರೂ ಅದರ ವೇಷ ಹಾಕಲು ಇಂದಿನ ಯಂತ್ರ ಬೆವರುತ್ತದೆ. ಏಕೆಂದರೆ ಹಳೆಯ ಚಿಪ್‌ನ ಭಾಷೆ ಬೇರೆ, ಇಂದಿನ ಚಿಪ್‌ನ ಭಾಷೆ ಬೇರೆ. ನಡುವೆ ಒಬ್ಬ ದುಭಾಷಿ ಬೇಕು. ಪ್ರತಿ ಆಜ್ಞೆಯನ್ನೂ ಬಂದ ಹಾಗೆ ಅನುವಾದಿಸುತ್ತಾ ಹೋದರೆ ತೀರಾ ನಿಧಾನ. ಆದ್ದರಿಂದ ಒಳ್ಳೆಯ ಎಮ್ಯುಲೇಟರ್‌ಗಳು ಒಂದು ಇಡೀ ಭಾಗವನ್ನು ಒಮ್ಮೆ ಅನುವಾದಿಸಿ ಇಟ್ಟುಕೊಳ್ಳುತ್ತವೆ, ಮತ್ತೆ ಅದೇ ಭಾಗ ಬಂದಾಗ ಸಿದ್ಧ ಅನುವಾದವನ್ನೇ ಓದುತ್ತವೆ. ಇದರ ಜೊತೆಗೆ ಚಿತ್ರದ ಚಿಪ್, ಧ್ವನಿಯ ಚಿಪ್, ಮುಖ್ಯ ಚಿಪ್ ಇವೆಲ್ಲ ಒಂದೇ ತಾಳಕ್ಕೆ ಹೆಜ್ಜೆ ಹಾಕಬೇಕು. ಒಂದು ತಪ್ಪಿದರೂ ಧ್ವನಿ ಒಡೆಯುತ್ತದೆ, ಆಟ ನಿಂತುಬಿಡುತ್ತದೆ. 1997ರಲ್ಲಿ ನಿಕೊಲಾ ಸಾಲ್ಮೋರಿಯಾ ಎಂಬ ಇಟಲಿಯವರು ಆರಂಭಿಸಿದ ಮೇಮ್, ಹಾಗೆಯೇ ಡಾಲ್ಫಿನ್, ಪಿಸಿಎಸ್‌ಎಕ್ಸ್2, ಪಿಪಿಎಸ್‌ಎಸ್‌ಪಿಪಿ ಮುಂತಾದ ತಂತ್ರಾಂಶಗಳು ಉಚಿತ. ಅಷ್ಟೇ ಅಲ್ಲ, ಅವುಗಳ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು. ಕಂಪ್ಯೂಟರ್ ಆರ್ಕಿಟೆಕ್ಚರ್ ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ವಿಷಯ ಎಂದುಕೊಂಡಿರುವ ವಿದ್ಯಾರ್ಥಿಗಳು ಒಮ್ಮೆ ಆ ಸಂಕೇತದಲ್ಲಿ ಕೈಯಾಡಿಸಬೇಕು.

ಇವೆಲ್ಲ ಕಳ್ಳತನವಲ್ಲವೇ ಎಂದು ಹಿರಿಯರೊಬ್ಬರು ಈಗಾಗಲೇ ಚೀಟಿ ಕಳಿಸಿದ್ದಾರೆ. ಎಮ್ಯುಲೇಟರ್ ಬೇರೆ, ಆಟದ ಪ್ರತಿ ಬೇರೆ. ಸೋನಿ ಕಂಪೆನಿ ಕನೆಕ್ಟಿಕ್ಸ್ ಎಂಬ ಕಂಪೆನಿಯ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಕನೆಕ್ಟಿಕ್ಸ್ ಪರವಾಗಿ ತೀರ್ಪು ನೀಡಿತು. ಆದರೆ 2024ರಲ್ಲಿ ನಿಂಟೆಂಡೊ ದಾವೆ ಹೂಡಿದಾಗ ಯುಜು ಎಂಬ ಎಮ್ಯುಲೇಟರ್ ತಯಾರಕರು 24 ಲಕ್ಷ ಡಾಲರ್ ಕೊಡಲು ಒಪ್ಪಿ ಬಾಗಿಲು ಹಾಕಿದರು. ಅಲ್ಲಿ ಆಟಗಳ ರಕ್ಷಣೆಯ ಬೀಗ ಒಡೆಯುವ ಪ್ರಶ್ನೆ ಇತ್ತು. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವನು ಅದು ಹಾಳಾದೀತೆಂಬ ಎಚ್ಚರಿಕೆಗಾಗಿ ನಕಲು ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಬೇರೆಯವರ ನಕಲನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಲು ಅಲ್ಲ. ನಿಮ್ಮಲ್ಲಿ ಪ್ಲೇಸ್ಟೇಷನ್ 2ರ ಅಸಲಿ ಡಿಸ್ಕ್ ಇದ್ದರೆ ಕಂಪ್ಯೂಟರಿನ ಸಾಮಾನ್ಯ ಡಿವಿಡಿ ಡ್ರೈವ್ ಅದನ್ನು ಓದುತ್ತದೆ. ನಮ್ಮ ಮನೆಯ ಡಿಸ್ಕ್‌ಗಳನ್ನು ತೆಗೆದು ನೋಡಿದೆ. ಅರ್ಧಕ್ಕಿಂತ ಹೆಚ್ಚು ರಸ್ತೆಬದಿಯ ನಕಲುಗಳು! ಇನ್ನೊಂದು ಮಾತನ್ನೂ ಹೇಳಬೇಕು. ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ. 87ರಷ್ಟು ಈಗ ಕೊಳ್ಳಲು ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿತು. ಕೊಳ್ಳಲು ಸಿಗದ ಪುಸ್ತಕ ಗ್ರಂಥಾಲಯದಲ್ಲಾದರೂ ಸಿಗುತ್ತದೆ, ಆಟಕ್ಕೆ ಅಂಥ ಮನೆ ಇಲ್ಲ. ಈ ಅನ್ಯಾಯದ ಬಗ್ಗೆ ನನಗೆ ಸಹಾನುಭೂತಿ ಇದೆ. ಆದರೂ ಅದು ಇಂದು ಅಂಗಡಿಯಲ್ಲಿರುವ ಆಟವನ್ನು ಕದಿಯಲು ನೆಪವಾಗಬಾರದು.

ನಮ್ಮ ಹುಡುಗನಿಗೆ ಪೆಟ್ಟು ಬಿದ್ದದ್ದು ಇಲ್ಲಿಯೇ. ಕೆಲವು ಹಳೆಯ ಯಂತ್ರಗಳ ಬಯೋಸ್ ಎಂಬ ಮೂಲ ತಂತ್ರಾಂಶ ಎಮ್ಯುಲೇಟರ್‌ಗೆ ಬೇಕಾಗುತ್ತದೆ. ಅದನ್ನು ತನ್ನದೇ ಯಂತ್ರದಿಂದ ತೆಗೆಯಬೇಕು. ಇವನು "ಎಲ್ಲ ಬಯೋಸ್ ಒಂದೇ ಕಡೆ" ಎಂಬ ಯಾವುದೋ ಕಟ್ಟನ್ನು ಇಳಿಸಿ, ಅದರಲ್ಲಿದ್ದ ಇಎಕ್ಸ್‌ಇ ಕಡತವನ್ನು ಒತ್ತಿದ. ಎರಡು ದಿನದಲ್ಲಿ ಅವನ ಇಮೇಲ್‌ನ ಪಾಸ್‌ವರ್ಡ್ ಬದಲಾಗಿತ್ತು. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳೆಲ್ಲ ಹೋಗಿದ್ದವು. ಸೆಮಿಸ್ಟರ್ ಪ್ರಾಜೆಕ್ಟಿನ ವರದಿ ಇದ್ದದ್ದು ಅದೇ ಖಾತೆಯಲ್ಲಿ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಮಾಮು, ಅಮ್ಮಿಗೆ ಹೇಳಬೇಡಿ" ಎಂದು ಅತ್ತ. ಖಾತೆ ಮರಳಿ ಸಿಗಲು ನಾಲ್ಕು ದಿನ ಬೇಕಾಯಿತು. ವರದಿ ಅಳಿಸಿ ಹೋಗಿತ್ತು. ಯಂತ್ರವನ್ನು ಪೂರ್ತಿ ಒರೆಸಿ ಹೊಸದಾಗಿ ವಿಂಡೋಸ್ ಹಾಕಿದೆವು. ಯುಎಸ್‌ಬಿ ಹಬ್ ಮೂಲಕ ಅದಕ್ಕೇ ಮಾನಿಟರು, ಕೀಬೋರ್ಡು ಜೋಡಿಸಿ ಅವನು ಇಡೀ ವರದಿಯನ್ನು ಮತ್ತೆ ಟೈಪ್ ಮಾಡಿದ. ತಡವಾಯಿತೆಂದು ಇಂಟರ್ನಲ್ ಅಂಕ ಕಡಿಮೆ ಬಂತು.

ಮಿತ್ರರೇ, ಬರೀ ಆಟದ ಪೆಟ್ಟಿಗೆ ಕೆಟ್ಟರೆ ಆಟ ಮಾತ್ರ ನಿಲ್ಲುತ್ತದೆ. ಇದರಲ್ಲಿ ನಿಮ್ಮ ಇಮೇಲ್ ಇದೆ, ಬ್ಯಾಂಕ್ ಇದೆ, ಓದು ಇದೆ. ಎಮ್ಯುಲೇಟರ್ ಅನ್ನು ಅದರ ಅಧಿಕೃತ ತಾಣದಿಂದ ಮಾತ್ರ ಪಡೆಯಿರಿ. ಹಳೆಯ ಕನ್ಸೋಲಿನ ಆಟದ ಕಡತ ಎಂದೂ ಇಎಕ್ಸ್‌ಇ ಆಗಿರುವುದಿಲ್ಲ. ಆಟಕ್ಕೆ ವಿಂಡೋಸ್‌ನಲ್ಲಿ ಅಧಿಕಾರ ಕಡಿಮೆಯಿರುವ ಬೇರೆ ಖಾತೆ ಮಾಡಿಕೊಳ್ಳಿ, ಆ ಖಾತೆಯಲ್ಲಿ ಬ್ಯಾಂಕು, ಇಮೇಲು ತೆರೆಯಬೇಡಿ.

ಇನ್ನು ಸ್ಟ್ರೀಮಿಂಗ್. ಅಲೈಯ ಬ್ಯಾಟರಿ 40 ವ್ಯಾಟ್-ಅವರ್. ದೊಡ್ಡ ಆಟಕ್ಕೆ ಚಿಪ್ ಒಂದೇ 25 ವ್ಯಾಟ್ ಎಳೆದರೆ ಪರದೆಯ ಖರ್ಚು ಸೇರಿ ಒಂದೂವರೆ ಗಂಟೆಯೂ ಬರುವುದಿಲ್ಲ, ಲೆಕ್ಕ ನೀವೇ ಹಾಕಿ. ಮನೆಯಲ್ಲಿ ಗಟ್ಟಿಯಾದ ಕಂಪ್ಯೂಟರ್ ಇದ್ದರೆ ಆಟ ಅಲ್ಲಿಯೇ ನಡೆಯಲಿ, ಚಿತ್ರ ಮಾತ್ರ ವೈಫೈ ಮೂಲಕ ಕೈಯಲ್ಲಿರುವ ಪರದೆಗೆ ಬರಲಿ. ಆಗ ಈ ಯಂತ್ರಕ್ಕೆ ವಿಡಿಯೋ ತೋರಿಸುವಷ್ಟೇ ಕೆಲಸ. ಕಂಪ್ಯೂಟರಿನಲ್ಲಿ ಸನ್‌ಶೈನ್, ಕೈಯಂತ್ರದಲ್ಲಿ ಮೂನ್‌ಲೈಟ್ ಎಂಬ ಎರಡು ಉಚಿತ ತಂತ್ರಾಂಶ ಸಾಕು. ಈ ಮೂನ್‌ಲೈಟ್ ಅನ್ನು ಆರಂಭಿಸಿದವರು ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಎಂಹ್ಯಾಕ್ಸ್ ಎಂಬ ಸ್ಪರ್ಧೆಯಲ್ಲಿ. ಎನ್‌ವಿಡಿಯಾ ಕಂಪೆನಿಯ ಸ್ಟ್ರೀಮಿಂಗ್ ವಿಧಾನವನ್ನು ಬಿಡಿಸಿ ನೋಡಿ ಅರ್ಥಮಾಡಿಕೊಂಡು ಬರೆದದ್ದು. 2023ರಲ್ಲಿ ಎನ್‌ವಿಡಿಯಾ ತನ್ನ ವ್ಯವಸ್ಥೆಯನ್ನು ಕೈಬಿಟ್ಟಿತು, ವಿದ್ಯಾರ್ಥಿಗಳು ಬರೆದದ್ದು ಇಂದಿಗೂ ನಡೆಯುತ್ತಿದೆ.

ಸೆಕೆಂಡಿಗೆ 60 ಚಿತ್ರ ಎಂದರೆ ಒಂದೊಂದು ಚಿತ್ರಕ್ಕೆ ಸಿಗುವ ಸಮಯ 17 ಮಿಲಿಸೆಕೆಂಡಿಗಿಂತ ಕಡಿಮೆ. ಆದ್ದರಿಂದ ಕಂಪ್ಯೂಟರನ್ನು ರೂಟರ್‌ಗೆ ಕೇಬಲ್‌ನಿಂದಲೇ ಜೋಡಿಸಬೇಕು, ಕೈಯಂತ್ರ 5 ಗಿಗಾಹರ್ಟ್ಸ್ ವೈಫೈನಲ್ಲಿರಬೇಕು. ತಂಗಿಯ ಮನೆ ಹಳೆಯದು, ಕೆಂಪುಕಲ್ಲಿನ ದಪ್ಪ ಗೋಡೆ. ಜಗಲಿಯಲ್ಲಿ ಚೆನ್ನಾಗಿ ನಡೆದ ಆಟ ಅಡುಗೆಮನೆಗೆ ಹೋದರೆ ಕಲಸಿಹೋಗುತ್ತಿತ್ತು. ರೂಟರನ್ನು ನಡುಮನೆಗೆ ತಂದ ಮೇಲೆ ಸರಿಹೋಯಿತು. ಮನೆಯೊಳಗೆ ಹರಿಯುವ ಈ ಚಿತ್ರಕ್ಕೆ ಇಂಟರ್ನೆಟ್ ಡೇಟಾ ಖರ್ಚಾಗುವುದಿಲ್ಲ ಎಂದು ತಂಗಿಗೆ ನಂಬಿಸಲು ನನಗೆ ಅರ್ಧ ದಿನ ಹಿಡಿಯಿತು! ಹೊರಗಿನಿಂದ ಆಡಿದರೆ ಮಾತು ಬೇರೆ. ಸೆಕೆಂಡಿಗೆ 20 ಮೆಗಾಬಿಟ್‌ನಂತೆ ಗಂಟೆಗೆ 9 ಜಿಬಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ಹದಿಮೂರು ನಿಮಿಷಕ್ಕೆ ಮುಗಿಯುತ್ತದೆ. 2025ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ ಭಾರತಕ್ಕೂ ಬಂದಿದೆ, ಅದಕ್ಕೂ ಇಂಥದೇ ಲೆಕ್ಕ.

ಹಾಗಾದರೆ ಈ ಯಂತ್ರ ಕೊಳ್ಳಬೇಕೇ? ಹೊರದೇಶದಲ್ಲಿ ದುಡಿಯುವ ತಂದೆಗೆ ಪಟ್ಟಿ ಕಳಿಸುವ ಮೊದಲು ಇಷ್ಟು ಮಾಡಿ ನೋಡಿ. ಪಿಪಿಎಸ್‌ಎಸ್‌ಪಿಪಿ ಮತ್ತು ಮೂನ್‌ಲೈಟ್ ಎರಡೂ ನಿಮ್ಮ ಬಳಿ ಇರುವ ಆಂಡ್ರಾಯ್ಡ್ ಫೋನ್‌ನಲ್ಲಿಯೇ ನಡೆಯುತ್ತವೆ. ಒಂದು ತಿಂಗಳು ಅದರಲ್ಲಿ ಕಲಿಯಿರಿ. ಆ ಮೇಲೂ ಬೇಕೆನಿಸಿದರೆ, ಲ್ಯಾಪ್‌ಟಾಪ್ ಇಲ್ಲದವರು ಲ್ಯಾಪ್‌ಟಾಪನ್ನೇ ಮೊದಲು ಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಏಳು ಇಂಚಿನ ಪರದೆಯಲ್ಲಿ ವರದಿ ಟೈಪ್ ಮಾಡುವ ಕಷ್ಟವನ್ನು ನಮ್ಮ ಹುಡುಗನೇ ಹೇಳುತ್ತಾನೆ. ಅವನೂ ಇಲ್ಲಿಗೆ ಬಂದಿದ್ದಾನೆ, ಯಂತ್ರವನ್ನೂ ತಂದಿದ್ದಾನೆ. ಊಟದ ನಂತರ ಪಕ್ಕದ ಕೋಣೆಯಲ್ಲಿ ಬಿಚ್ಚಿ ತೋರಿಸುತ್ತಾನೆ. ಚೀಟಿ ಕಳಿಸಿದ ಹಿರಿಯರು ದಯವಿಟ್ಟು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಬೇಕು.