ಮನೆಯಲ್ಲೇ ಶುಭಾಶಯ ಕಾರ್ಡು: ಕೈಕೆಲಸ ಮತ್ತು ಲೆಕ್ಕ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಕಳೆದ ಸಭೆಯಲ್ಲಿ ನಿಮ್ಮಲ್ಲಿ ಕೆಲವರು ಕೇಳಿದ್ರಿ, “ಉಪ್ಪಿನಕಾಯಿ, ಹೊಲಿಗೆ, ಫಿನಾಯಿಲು ಎಲ್ಲಾ ಸಂಘದವರೂ ಮಾಡ್ತಾರೆ, ಮನೆಯಲ್ಲೇ ಕೂತು ಮಾಡುವಂಥದ್ದು ಬೇರೆ ಏನಾದರೂ ಉಂಟಾ?” ಅಂತ. ಅದಕ್ಕಾಗಿ ಇವತ್ತು ಶುಭಾಶಯ ಕಾರ್ಡಿನ ವಿಷಯ ತಂದಿದ್ದೇವೆ. ನಾವು ನಾಲ್ಕು ಜನ ಸೇರಿ ಇದನ್ನು ಮಾಡಿ ನೋಡಿದವರು. ಸ್ವಲ್ಪ ಕೈ ಸುಟ್ಟುಕೊಂಡೂ ಇದ್ದೇವೆ. ಅದನ್ನೂ ಮುಚ್ಚಿಡದೆ ಹೇಳ್ತೇವೆ.

ಮೊಬೈಲಿನಲ್ಲಿ ಬಿಟ್ಟಿ ಶುಭಾಶಯ ಬರುವಾಗ ಕಾರ್ಡು ಯಾರು ಕೊಳ್ತಾರೆ ಅಂತ ನೀವು ಕೇಳಬಹುದು. ನಿಜ, ಅಂಗಡಿಯಲ್ಲಿಟ್ಟು ಮಾರುತ್ತೇವೆ ಅಂತ ಹೊರಟರೆ ಕಷ್ಟ. ಆದರೆ ಗೃಹಪ್ರವೇಶ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ನಿವೃತ್ತಿಯ ಬೀಳ್ಕೊಡುಗೆ, ಇಂಥದ್ದಕ್ಕೆ ಐವತ್ತು ನೂರು ಕಾರ್ಡು ಬೇಕಾದವರು ಇದ್ದಾರೆ. ಇಷ್ಟು ಸಣ್ಣ ಆರ್ಡರನ್ನು ದೊಡ್ಡ ಪ್ರೆಸ್ಸಿನವರು ಇಷ್ಟಪಟ್ಟು ತೆಗೆದುಕೊಳ್ಳುವುದಿಲ್ಲ. ನಮ್ಮ ಗಿರಾಕಿ ಅಲ್ಲಿದ್ದಾರೆ.

ಮೊದಲು ಕಾಗದ. ಅಂಗಡಿಯಲ್ಲಿ 250ರಿಂದ 300 ಜಿಎಸ್‌ಎಂ ಅಂತ ಕೇಳಿ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಎ4 ಹಾಳೆ ಹದಿನಾರು ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 300ರ ಹಾಳೆ ಒಂದಕ್ಕೆ ಹತ್ತಿರ ಹತ್ತಿರ 19 ಗ್ರಾಂ. ಅದನ್ನು ಎರಡು ತುಂಡು ಮಾಡಿ, ಒಂದೊಂದನ್ನೂ ಮಡಚಿದರೆ ಎರಡು ಕಾರ್ಡು. ಲಕೋಟೆ ಸೇರಿದರೂ ಅಂಚೆಯ ಮೊದಲ ತೂಕವಾದ 20 ಗ್ರಾಂ ದಾಟುವುದಿಲ್ಲ. ಇಡೀ ಹಾಳೆಯನ್ನೇ ಒಂದು ಕಾರ್ಡು ಮಾಡಿದರೆ ಲಕೋಟೆ ಹಾಕಿದ ಕೂಡಲೇ ದಾಟುತ್ತದೆ, ಕಳಿಸುವವರಿಗೆ ಸ್ಟಾಂಪಿನ ಖರ್ಚು ಜಾಸ್ತಿ.

ಮಡಚುವಾಗ ಅವಸರ ಮಾಡಬೇಡಿ. ಕಾಗದಕ್ಕೂ ಮರದ ಹಾಗೆ ಎಳೆ ಉಂಟು. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಗ್ಗಿಸಿ ನೋಡಿ, ಯಾವ ಕಡೆ ಸುಲಭವಾಗಿ ಬಗ್ಗುತ್ತದೋ ಹಾಗೆ ಮಡಚಿ. ಇಲ್ಲದಿದ್ದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಮಡಚುವ ಮುಂಚೆ ಸ್ಕೇಲು ಇಟ್ಟು, ಶಾಯಿ ಮುಗಿದ ಬಾಲ್ ಪೆನ್ನಿನಿಂದ ಒಂದು ಗೆರೆ ಒತ್ತಿ.

ಇನ್ನು ಅಚ್ಚು. ಬೆಂಡೆಕಾಯಿ ಅಡ್ಡ ಕೊಯ್ದರೆ ಐದೆಸಳಿನ ಹೂವು ಸಿಗ್ತದೆ, ಇದು ನಿಮ್ಮ ಮಕ್ಕಳಿಗೂ ಗೊತ್ತು. ಕೊಯ್ದ ಮುಖವನ್ನು ಬಟ್ಟೆಯಲ್ಲಿ ಒರೆಸಿ, ಬಣ್ಣವನ್ನು ಸ್ಪಂಜಿಗೆ ಹಾಕಿ ಅದರ ಮೇಲೆ ಒತ್ತಿ ತೆಗೆಯಿರಿ. ನೇರ ಬಣ್ಣದಲ್ಲಿ ಅದ್ದಿದರೆ ಹೂವು ಹೋಗಿ ಬರೀ ಕಲೆ ಉಳಿಯುತ್ತದೆ. ಆಲೂಗಡ್ಡೆಯಲ್ಲಿ ನಿಮಗೆ ಬೇಕಾದ ಆಕಾರ ಕೊರೆಯಬಹುದು. ಆದರೆ ಅಕ್ಷರ ಕೊರೆಯುವಾಗ ಜೋಪಾನ! ನಾವು “ಶುಭಾಶಯ” ಅಂತ ಎರಡು ಗಂಟೆ ಕೂತು ಚೆಂದಕ್ಕೆ ಕೊರೆದೆವು, ಒತ್ತಿದರೆ ಎಲ್ಲಾ ತಿರುಗುಮುರುಗು. ಕನ್ನಡಿಯಲ್ಲಿ ಕಾಣುವ ಹಾಗೆ ಉಲ್ಟಾ ಕೊರೆಯಬೇಕು ಅನ್ನುವುದು ಒಬ್ಬರಿಗೂ ಹೊಳೆಯಲಿಲ್ಲ. ಆ ಆಲೂಗಡ್ಡೆ ಸಾರಿಗೂ ಆಗಲಿಲ್ಲ.

ಹೆಚ್ಚು ಕಾರ್ಡು ಬೇಕಾದರೆ ಸ್ಕ್ರೀನ್ ಒಳ್ಳೆಯದು, ಅದರಲ್ಲಿ ಅಕ್ಷರ ನೇರವಾಗಿಯೇ ಬರ್ತದೆ. ಕಸೂತಿಯ ರಿಂಗಿಗೆ ತೆಳು ನೈಲಾನ್ ಬಟ್ಟೆ ಬಿಗಿಯಾಗಿ ಎಳೆದು ಹಾಕಿ. ಬಟರ್ ಪೇಪರಿನಲ್ಲಿ ಚಿತ್ರ ಕತ್ತರಿಸಿ ಅದರ ಅಡಿಗೆ ಇಡಿ. ಮೇಲಿನಿಂದ ಬಟ್ಟೆಗೆ ಬಳಿಯುವ ಬಣ್ಣ ಹಾಕಿ ರಬ್ಬರ್ ಪಟ್ಟಿಯಿಂದ ಒಂದೇ ಸಲ ಎಳೆಯಿರಿ. ಕೆಲಸ ಮುಗಿದ ತಕ್ಷಣ ತೊಳೆಯಿರಿ, ಬಣ್ಣ ಬಟ್ಟೆಯಲ್ಲಿ ಒಣಗಿದರೆ ಆ ಬಟ್ಟೆ ಮತ್ತೆ ಉಪಯೋಗಕ್ಕೆ ಬಾರದು. ಮಳೆಗಾಲದಲ್ಲಿ ಒಂದರ ಮೇಲೊಂದು ಪೇರಿಸಿಡಬೇಡಿ, ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿ.

ಇದಕ್ಕಿಂತ ಸುಲಭದ ದಾರಿಯೂ ಉಂಟು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬವರು ಕ್ರಿಸ್ಮಸ್ ಕಾರ್ಡು ಅಚ್ಚು ಹಾಕಿಸಿದರು. ಮಾರಾಟಕ್ಕೆ ಬಂದ ಮೊದಲ ಕ್ರಿಸ್ಮಸ್ ಕಾರ್ಡು ಅದು ಅಂತ ಹೇಳ್ತಾರೆ. ಚಿತ್ರ ಬರೆದವರು ಜಾನ್ ಹಾರ್ಸ್ಲಿ. ಅದರಲ್ಲಿ ಗೆರೆ ಮಾತ್ರ ಅಚ್ಚಿನದ್ದು, ಬಣ್ಣ ತುಂಬಿದ್ದು ಕೈಯಿಂದ. ನಾವೂ ಅಂಗಳದ ರಂಗೋಲಿಯನ್ನೋ ಮನೆಮುಂದಿನ ದಾಸವಾಳವನ್ನೋ ಕಪ್ಪು ಪೆನ್ನಿನಲ್ಲಿ ಬರೆದು, ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಕಾಗದಕ್ಕೆ ತೆಗೆಸಿ, ಮನೆಯಲ್ಲಿ ಬಣ್ಣ ತುಂಬಬಹುದು. ಬೇರೆಯವರ ಕಾರ್ಡಿನ ಚಿತ್ರ ಮಾತ್ರ ಇಳಿಸಬೇಡಿ, ಅದರ ಹಕ್ಕು ಅವರದ್ದು. ಕಂಪ್ಯೂಟರಿನಲ್ಲಿ ಬರೆದದ್ದಾದರೆ ಪಿಡಿಎಫ್ ಮಾಡಿ ಒಯ್ಯಿರಿ. ಇಲ್ಲಿಯ ಕನ್ನಡ ಫಾಂಟು ಅಲ್ಲಿಯ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅಕ್ಷರ ಎಲ್ಲಾ ಕಲಸುಮೇಲೋಗರ ಆಗ್ತದೆ.

ಈಗ ಕೈ ಸುಟ್ಟುಕೊಂಡ ಕಥೆ. ನಮ್ಮ ಮೊದಲ ಆರ್ಡರು ನೂರು ಕಾರ್ಡು, ಒಂದಕ್ಕೆ ಹತ್ತು ರೂಪಾಯಿ. ಸಾಮಾನಿಗೆ 600 ಹೋಯಿತು, 400 ಉಳಿಯಿತು ಅಂತ ಖುಷಿಯಲ್ಲಿ ಚಹಾ ಕುಡಿದೆವು. ಸಂಘದ ಪುಸ್ತಕ ಬರೆಯುವ ತಂಗಿ ಕೇಳಿದಳು, “ಎಷ್ಟು ದಿನ ಕೂತದ್ದು ನೀವು?” ನಾಲ್ಕು ಜನ, ಮೂರು ಮಧ್ಯಾಹ್ನ. ಅಂದರೆ ಹನ್ನೆರಡು ಮಧ್ಯಾಹ್ನದ ದುಡಿಮೆ. ಒಂದು ಮಧ್ಯಾಹ್ನಕ್ಕೆ 33 ರೂಪಾಯಿ! ಬೀಡಿ ಕಟ್ಟಿದ್ದರೂ ಇದಕ್ಕಿಂತ ಹೆಚ್ಚು ಸಿಗ್ತಿತ್ತು ಅಂದರು ನಮ್ಮ ಜೊತೆಯ ಬಾಯಮ್ಮ. ಯಾರೂ ಮಾತಾಡಲಿಲ್ಲ. ಮನೆಯಲ್ಲಿ ಕೂತು ಮಾಡಿದ್ದು, ಅದಕ್ಕೆ ಎಂಥ ಕೂಲಿ ಅಂತ ನಾವೇ ಬಿಟ್ಟುಬಿಟ್ಟಿದ್ದೆವು.

ಆಮೇಲೆ ಮಧ್ಯಾಹ್ನ ಒಂದಕ್ಕೆ 100 ರೂಪಾಯಿ ಕೂಲಿ ಅಂತ ಪುಸ್ತಕದಲ್ಲಿ ಬರೆದೆವು. 600ಕ್ಕೆ 1200 ಸೇರಿ 1800, ಹಾಳಾದ ಹಾಳೆಗೆ ಇನ್ನೊಂದಿಷ್ಟು. ಕಾರ್ಡಿಗೆ 20 ರೂಪಾಯಿ ಅಂದೆವು. ಹಳೆಯ ಗಿರಾಕಿ “ಹೋದ ಸಲ ಹತ್ತು ಇತ್ತಲ್ಲ” ಅಂತ ಎದ್ದು ಹೋದರು. ಹೊಟ್ಟೆ ಉರಿಯಿತು, ಕರೆದು ಕಡಿಮೆ ಮಾಡೋಣ ಅಂತ ಇಬ್ಬರು ಬಾಗಿಲವರೆಗೂ ಹೋದದ್ದು ಸುಳ್ಳಲ್ಲ. ಕರೆಯಲಿಲ್ಲ. ಎರಡು ತಿಂಗಳು ಆರ್ಡರೇ ಇರಲಿಲ್ಲ. ಮತ್ತೆ ಒಂದು ಗೃಹಪ್ರವೇಶಕ್ಕೆ ಅರುವತ್ತು ಬಂತು, ಇಪ್ಪತ್ತಕ್ಕೇ. ಈಗ ಒಬ್ಬರು ಕತ್ತರಿಸುವುದು, ಒಬ್ಬರು ಗೆರೆ ಒತ್ತುವುದು, ಇಬ್ಬರು ಅಚ್ಚು ಅಂತ ಹಂಚಿಕೊಂಡಿದ್ದೇವೆ, ಸಮಯ ಉಳಿಯುತ್ತದೆ.

ಒಂದು ಮಾತು, ಪ್ರಿಂಟರ್ ತೆಗೆದುಕೊಳ್ಳಲಿಕ್ಕೆ ಸಾಲಕ್ಕೆ ಅರ್ಜಿ ಹಾಕುವ ಯೋಚನೆ ಇದ್ದವರು ಮೂರು ಆರ್ಡರು ಕೈಯಲ್ಲೇ ಮಾಡಿ ನೋಡಿ, ಮತ್ತೆ ಹಾಕಿ. ಮುಂದಿನ ಸಭೆಗೆ ನಾವು ರಿಂಗು, ಬಣ್ಣ ತರ್ತೇವೆ. ನೀವು ಹಳೆಯ ನೈಲಾನ್ ವೇಲು, ಕತ್ತರಿ, ನಾಲ್ಕು ಬೆಂಡೆಕಾಯಿ ತನ್ನಿ. ಬಲಿತದ್ದಾದರೂ ಅಡ್ಡಿಯಿಲ್ಲ.